ಗೋಡೆ ದಾಟುವ ಮಂದ್ರ

1972ರಲ್ಲಿ ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ತಂಡದ ಇಬ್ಬರು, ಗಿಟಾರ್ ವಾದಕ ಜಿಮ್ಮಿ ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್, ಮುಂಬಯಿಗೆ ಬಂದಿಳಿದರು. ಇಲ್ಲಿನ ವಾದಕರನ್ನು ಕೂಡಿಸಿಕೊಂಡು ಸ್ಟುಡಿಯೋದಲ್ಲಿ ತಮ್ಮ ಎರಡು ಹಾಡುಗಳನ್ನು ಹೊಸದಾಗಿ ಮುದ್ರಿಸಿದರು. ಆ ಮುದ್ರಣ ಅಧಿಕೃತವಾಗಿ ಹೊರಬರಲು 2015ರವರೆಗೆ ಕಾಯಬೇಕಾಯಿತು. ಅದೇ ಭೇಟಿಯಲ್ಲಿ ಒಂದು ರಾತ್ರಿ ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಪುಟ್ಟ ಡಿಸ್ಕೋಥೆಕ್‌ನಲ್ಲಿ ಇಬ್ಬರೂ ವೇದಿಕೆ ಹತ್ತಿದರು. ಮುಂಬಯಿಯ ರಾಕ್ ಸಂಗೀತದ ಬಗ್ಗೆ ಯಾರು ಬರೆದರೂ ಈ ಕಥೆ ಬಂದೇ ಬರುತ್ತದೆ. ಆದರೆ ಅದರಲ್ಲೊಂದು ಲೆಕ್ಕ ಬಾಕಿ ಉಳಿಯುತ್ತದೆ. ಲೆಡ್ ಜೆಪ್ಪೆಲಿನ್ ನಾಲ್ವರ ತಂಡ. ಬೇಸ್ ನುಡಿಸುತ್ತಿದ್ದ ಜಾನ್ ಪಾಲ್ ಜೋನ್ಸ್ ಬಂದಿರಲಿಲ್ಲ, ಡ್ರಮ್ಸಿನ ಜಾನ್ ಬಾನಮ್ ಕೂಡ ಬಂದಿರಲಿಲ್ಲ. ಆ ಎರಡು ಜಾಗದಲ್ಲಿ ಊರಿನ ಇಬ್ಬರು ಹುಡುಗರು ನಿಂತು ನುಡಿಸಿದರು. ಕಥೆ ಹೇಳುವವರು ಆ ಹೆಸರುಗಳ ಹತ್ತಿರ ಬರುವಷ್ಟರಲ್ಲಿ ಸಾಮಾನ್ಯವಾಗಿ ಕಥೆ ಮುಗಿದಿರುತ್ತದೆ.

ಜಗತ್ತಿನ ಅತಿ ಜನಪ್ರಿಯ ತಂಡವೊಂದರ ಇಬ್ಬರು ಹೇಳದೆ ಕೇಳದೆ ವೇದಿಕೆ ಹತ್ತಿದಾಗ ಅವರ ಹಾಡು ಗೊತ್ತಿರುವ ಬೇಸ್ ವಾದಕನೊಬ್ಬ ಕೈಗೆಟಕುವಂತಿದ್ದ ಎಂದರೆ, ಆ ಊರಿನಲ್ಲಿ ಅಂಥವರಿಗೊಂದು ಬಾಳುವೆ ಇತ್ತು ಎಂದರ್ಥ. ವಾರಕ್ಕೆರಡು ರಾತ್ರಿ ನುಡಿಸುವ ಜಾಗ, ಹಗಲಿಗೊಂದು ಕೆಲಸ, ವಾದ್ಯ ಎರವಲು ಕೊಡುವ ಗೆಳೆಯರು. ಈ ಬಾಳುವೆಯ ಚರಿತ್ರೆಯನ್ನು ಹಾಡುಗಾರರ ಕಡೆಯಿಂದ ಹೇಳುವುದು ರೂಢಿ. ಬೇಸ್‌ನವನ ಕಡೆಯಿಂದ ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ಸಂಗೀತದ ಶೈಲಿಗಿಂತ ಹೆಚ್ಚಾಗಿ ಮದ್ಯದ ಪರವಾನಗಿ, ಕಟ್ಟಡದ ಗೋಡೆ ಮತ್ತು ಪೊಲೀಸ್ ಕಾಯ್ದೆ ಎದುರಾಗುತ್ತವೆ.

ಮೊದಲು ವಾದ್ಯದ ಮಾತು. ಬೇಸ್ ಎಂದರೆ ಮಂದ್ರ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 41 ಕಂಪನಗಳದ್ದು. ಗಾಳಿಯಲ್ಲಿ ಅದರ ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಕುಡಿಯುತ್ತ, ಹರಟುತ್ತ ಕೂತವರಿಗೆ ಅದು ಪ್ರತ್ಯೇಕವಾಗಿ ಕೇಳಿಸುವುದಿಲ್ಲ. ನಿಂತುಹೋದರೆ ಮಾತ್ರ ಏನೋ ಕಳೆದುಹೋಯಿತು ಅನ್ನಿಸುತ್ತದೆ. ಹೊರಗಿನವರ ಅನುಭವ ಇದಕ್ಕೆ ತದ್ವಿರುದ್ಧ. ಗಾಯಕಿಯ ದನಿ, ಗಿಟಾರು, ಚಪ್ಪಾಳೆ ಎಲ್ಲವನ್ನೂ ಗೋಡೆ ಬಹುಮಟ್ಟಿಗೆ ತಡೆದುಬಿಡುತ್ತದೆ. ಉದ್ದ ಅಲೆಯ ಮಂದ್ರ ಮಾತ್ರ ಕಂಬ, ತೊಲೆಗಳ ಮೂಲಕ ಮೇಲಿನ ಮಹಡಿಯ ಮಂಚದವರೆಗೆ ಹೋಗುತ್ತದೆ. ಒಳಗಿದ್ದವರು ಗಮನಿಸದ ವಾದ್ಯವೇ ಹೊರಗಿನವರ ನಿದ್ದೆ ಕೆಡಿಸುವ ಏಕೈಕ ವಾದ್ಯ. ಮುಂದಿನ ಅರ್ಧ ಚರಿತ್ರೆ ಇದರಲ್ಲೇ ಇದೆ.

ಮುಂಬಯಿಗೆ ಈ ಮಂದ್ರ ಬಂದದ್ದು ಆಳೆತ್ತರದ ಡಬಲ್ ಬೇಸ್ ರೂಪದಲ್ಲಿ, ಹೋಟೆಲುಗಳ ನೃತ್ಯಶಾಲೆಗೆ. 1935ರಲ್ಲಿ ಆಫ್ರಿಕನ್-ಅಮೆರಿಕನ್ ಪಿಟೀಲುಗಾರ ಲಿಯಾನ್ ಅಬ್ಬಿ ತನ್ನ ಜಾಜ್ ತಂಡದೊಂದಿಗೆ ತಾಜ್ ಮಹಲ್ ಹೋಟೆಲಿಗೆ ಬಂದ. ಆಮೇಲೆ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫರ್ಡ್ ಬಂದರು. ಅಮೆರಿಕದಲ್ಲಿ ಬಿಳಿಯರ ಹೋಟೆಲಿನ ಮುಂಬಾಗಿಲಿನಿಂದ ಒಳಹೋಗಲಾಗದವರು ಇಲ್ಲಿ ಅರಬ್ಬಿ ಸಮುದ್ರದ ದಂಡೆಯಲ್ಲಿ ರಾಜಮಹಾರಾಜರನ್ನು ಕುಣಿಸಿದರು. ಈ ಕಾಲವನ್ನು ನರೇಶ್ ಫರ್ನಾಂಡಿಸ್ ತಮ್ಮ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಪುಸ್ತಕದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಆ ತಂಡಗಳ ಪಕ್ಕದಲ್ಲಿ ಕೂತು ಕಲಿತವರಲ್ಲಿ ಗೋವೆಯವರೇ ಹೆಚ್ಚು. ಪೋರ್ಚುಗೀಸರ ಗೋವೆಯಲ್ಲಿ ಇಗರ್ಜಿಯ ಶಾಲೆಗಳು ಮಕ್ಕಳಿಗೆ ಅಕ್ಷರದ ಜೊತೆಗೇ ಸ್ವರಲಿಪಿ ಓದಲು ಕಲಿಸುತ್ತಿದ್ದವು. ಆ ವಿದ್ಯೆ ಹೊತ್ತು ಬಂದವರು ಧೋಬಿ ತಲಾವಿನ ‘ಕೂಡ್’ಗಳಲ್ಲಿ, ಅಂದರೆ ಊರಿಗೊಂದರಂತೆ ಇದ್ದ ವಸತಿಗಳಲ್ಲಿ, ಟ್ರಂಕು ಇಟ್ಟುಕೊಂಡು ಹಡಗಿನ ಕೆಲಸಕ್ಕೋ ಬ್ಯಾಂಡಿನ ಕೆಲಸಕ್ಕೋ ಕಾಯುತ್ತಿದ್ದರು. ಆ ಕೂಡ್‌ಗಳ ಹತ್ತಿರದಲ್ಲೇ 1865ರಷ್ಟು ಹಿಂದೆ ಶುರುವಾದ ಫುರ್ಟಾಡೋಸ್ ಅಂಗಡಿ ಇಂದಿಗೂ ವಾದ್ಯ ಮಾರುತ್ತಿದೆ. ಮಿಕ್ಕಿ ಕೊರ‍್ರೆಯಾ, ಫ್ರಾಂಕ್ ಫರ್ನಾಂಡ್, ಚಿಕ್ ಚಾಕಲೇಟ್ ಮುಂತಾದವರ ಹೆಸರು ಉಳಿದಿವೆ. ಅವರೆಲ್ಲ ತುತ್ತೂರಿ, ಸ್ಯಾಕ್ಸೊಫೋನು, ಪಿಟೀಲಿನವರು. ಹಿಂದೆ ಡಬಲ್ ಬೇಸ್ ತಬ್ಬಿ ನಿಂತವರ ಹೆಸರು ಹುಡುಕಬೇಕಾದರೆ ಹಳೆಯ ಫೋಟೋಗಳ ಅಡಿಬರಹ ನೋಡಬೇಕು.

ಆ ಕುಣಿತಕ್ಕೆ ಮೊದಲ ಪೆಟ್ಟು ಕೊಟ್ಟದ್ದು ಮದ್ಯನಿಷೇಧ. 1949ರ ಬಾಂಬೆ ಪ್ರೊಹಿಬಿಷನ್ ಕಾಯ್ದೆ ಬಂದ ಮೇಲೆ ಕುಡಿಯಲು ಪರ್ಮಿಟ್ಟು ಬೇಕಾಯಿತು. ಕುಡಿತ ನಿಲ್ಲಲಿಲ್ಲ, ಅದು ಬಾಂದ್ರಾದ, ಧೋಬಿ ತಲಾವಿನ ಆಂಟಿಯರ ಮನೆಗಳಿಗೆ ಸರಿಯಿತು. ಆದರೆ ಆಂಟಿಯ ಮನೆಯಲ್ಲಿ ಎಂಟು ಜನರ ಬ್ಯಾಂಡು ಕೂರಿಸಲಾಗದು. ಬಾರಿನ ಆದಾಯವಿಲ್ಲದ ಹೋಟೆಲು ಬ್ಯಾಂಡಿಗೆ ಸಂಬಳ ಕೊಡುವುದು ಕಷ್ಟವಾಯಿತು. ಅದೇ ಹೊತ್ತಿಗೆ ಹಿಂದಿ ಚಿತ್ರರಂಗದಲ್ಲಿ ವಾದ್ಯವೃಂದ ಬೆಳೆಯುತ್ತಿತ್ತು. ಸ್ವರಲಿಪಿ ಓದಬಲ್ಲ ಗೋವೆಯವರು ಗುಂಪುಗುಂಪಾಗಿ ಸ್ಟುಡಿಯೋಗಳಿಗೆ ಹೋದರು. ಹಗಲು ರೆಕಾರ್ಡಿಂಗು, ರಾತ್ರಿ ಉಳಿದ ಒಂದೆರಡು ಹೋಟೆಲು. ಚರ್ಚ್‌ಗೇಟಿನ ಅಸ್ಟೋರಿಯಾ ಹೋಟೆಲಿನ ವೆನಿಸ್, ಪಕ್ಕದ ಗೇಲಾರ್ಡ್ ಇಂಥ ಜಾಗಗಳು. ಹಿಂದಿ ಸಿನಿಮಾದ ಸುವರ್ಣಯುಗ ಎಂದು ಕರೆಯುವ ಕಾಲದ ವಾದ್ಯಸಂಯೋಜನೆಯಲ್ಲಿ ಒಂದು ಪಾಲು ಮೊರಾರ್ಜಿ ದೇಸಾಯಿಯವರಿಗೂ ಸಲ್ಲಬೇಕು. ಅವರಿಗೆ ಅದರಿಂದ ಸಂತೋಷವಾಗುತ್ತಿತ್ತೋ ಇಲ್ಲವೋ.

ವಾದ್ಯ ಬದಲಾಗಿದ್ದು ಈ ನಡುವೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯ ಮಾರುಕಟ್ಟೆಗೆ ತಂದ. ಡಬಲ್ ಬೇಸ್ ಹೊತ್ತೊಯ್ಯುವುದು ಕಷ್ಟ, ತುತ್ತೂರಿ ಡ್ರಮ್ಮುಗಳ ನಡುವೆ ಅದು ಕೇಳಿಸುವುದೂ ಕಷ್ಟ. ಗಿಟಾರಿನಂತೆ ಹೆಗಲಿಗೆ ನೇತುಹಾಕುವ ಹೊಸ ವಾದ್ಯ ಎರಡನ್ನೂ ನಿವಾರಿಸಿತು. ಅರವತ್ತರ ದಶಕದಲ್ಲಿ ಅದು ಮುಂಬಯಿಗೂ ಬಂತು, ಆದರೆ ಅಂಗಡಿಗೆ ಬರಲಿಲ್ಲ. ಆಮದು ನಿರ್ಬಂಧ ಮತ್ತು ಸುಂಕದ ಆ ದಿನಗಳಲ್ಲಿ ವಿದೇಶಿ ಗಿಟಾರೆಂದರೆ ಹಡಗಿನ ನೌಕರನೋ ಲಂಡನ್ನಿನ ಮಾವನೋ ತಂದುಕೊಟ್ಟ ವಸ್ತು. ಉಳಿದವರಿಗೆ ಕಲ್ಕತ್ತೆಯ ಗಿವ್ಸನ್ ಇತ್ತು. ಆಂಪ್ಲಿಫೈಯರನ್ನು ರೇಡಿಯೋ ರಿಪೇರಿಯವರಿಂದ ಕಟ್ಟಿಸಿಕೊಳ್ಳುತ್ತಿದ್ದರು. ಹೊಸ ತಂತಿಗೆ ದುಡ್ಡಿಲ್ಲದಿದ್ದರೆ ಹಳೆಯ ತಂತಿಯನ್ನು ನೀರಲ್ಲಿ ಕುದಿಸಿ ಜಿಡ್ಡು ತೆಗೆದು ಮತ್ತೆ ಕಟ್ಟುವ ಉಪಾಯ ಜಗತ್ತಿನ ಎಲ್ಲ ಬಡ ಬೇಸ್ ವಾದಕರಿಗೂ ಗೊತ್ತು.

ಆ ಪೀಳಿಗೆಗೆ ಸಿಗರೇಟು ಕಂಪನಿಯೊಂದು ವೇದಿಕೆ ಕೊಟ್ಟಿತು. ಇಂಪೀರಿಯಲ್ ಟೊಬ್ಯಾಕೋ ಕಂಪನಿ ತನ್ನ ಸಿಮ್ಲಾ ಸಿಗರೇಟಿನ ಹೆಸರಲ್ಲಿ ನಡೆಸಿದ ಸಿಮ್ಲಾ ಬೀಟ್ ಸ್ಪರ್ಧೆಗೆ ದೇಶದ ಮೂಲೆಮೂಲೆಯಿಂದ ಹುಡುಗರ ತಂಡಗಳು ಬಂದವು. ಅವುಗಳ ಹಾಡುಗಳ ಎರಡು ಎಲ್‌ಪಿಗಳು 1970 ಮತ್ತು 1971ರಲ್ಲಿ ಬಂದವು. ಅಲ್ಲಿ ನುಡಿಸಿದ ಬಹಳಷ್ಟು ಹುಡುಗರು ಆಮೇಲೆ ಬ್ಯಾಂಕು, ಜಾಹೀರಾತು ಕಂಪನಿ, ವಿದೇಶ ಎಂದು ಚದುರಿದರು. ಉಳಿದವರಿಗೆ ಸಿನಿಮಾ ಇತ್ತು. ಆರ್.ಡಿ. ಬರ್ಮನ್ ಅವರ ವಾದ್ಯವೃಂದದಲ್ಲಿ ಬೇಸ್ ಗಿಟಾರ್ ಹಿನ್ನೆಲೆಯಿಂದ ಮುನ್ನೆಲೆಗೆ ಬಂತು. ಆ ಹಾಡುಗಳು ದೇಶದ ಪ್ರತಿ ಮನೆಗೂ ಹೋದವು. ನುಡಿಸಿದ ಟೋನಿ ವಾಜ್ ಅವರ ಹೆಸರು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಬರುತ್ತಿರಲಿಲ್ಲ. ಗ್ರೆಗರಿ ಬೂತ್ ಎಂಬ ವಿದ್ವಾಂಸ ಈ ವಾದಕರನ್ನು ಹುಡುಕಿ ಮಾತಾಡಿಸಿ ‘ಬಿಹೈಂಡ್ ದ ಕರ್ಟನ್’ ಬರೆದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅನೇಕರು ತೀರಿಕೊಂಡಿದ್ದರು.

ಸ್ಟುಡಿಯೋಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಇನ್ನೊಬ್ಬರ ಕಥೆ ವಿಚಿತ್ರವಾದದ್ದು. ಚರಣ್‌ಜಿತ್ ಸಿಂಗ್ ಹಿಂದಿ ಚಿತ್ರಸಂಗೀತದಲ್ಲಿ ದುಡಿಯುತ್ತಿದ್ದರು, ಮದುವೆಗಳಲ್ಲಿ ನುಡಿಸುವ ತಮ್ಮದೇ ಬ್ಯಾಂಡನ್ನೂ ಇಟ್ಟುಕೊಂಡಿದ್ದರು. ಹೊಸ ಎಲೆಕ್ಟ್ರಾನಿಕ್ ವಾದ್ಯಗಳ ಹುಚ್ಚು ಅವರಿಗೆ. ಆ ಹೊತ್ತಿಗೆ ಜಪಾನಿನ ರೋಲ್ಯಾಂಡ್ ಕಂಪನಿ ಟಿಬಿ-303 ಎಂಬ ಸಣ್ಣ ಬೆಳ್ಳಿಬಣ್ಣದ ಪೆಟ್ಟಿಗೆಯೊಂದನ್ನು ತಂದಿತ್ತು. ಟಿಬಿ ಎಂದರೆ ಟ್ರಾನ್ಸಿಸ್ಟರ್ ಬೇಸ್. ಬೇಸ್ ವಾದಕ ಸಿಗದ ಗಿಟಾರಿಗರು ಇದನ್ನು ಇಟ್ಟುಕೊಂಡು ಅಭ್ಯಾಸ ಮಾಡಲಿ ಎಂಬುದು ಕಂಪನಿಯ ಉದ್ದೇಶ. ಸರಳವಾಗಿ ಹೇಳುವುದಾದರೆ, ಬೇಸ್‌ನವನ ಬದಲಿಗೆ ಒಂದು ಯಂತ್ರ. ಅದರ ದನಿ ನಿಜವಾದ ಬೇಸ್ ಗಿಟಾರಿನಂತೆ ಕೇಳುತ್ತಲೇ ಇರಲಿಲ್ಲ. 1984ರ ಹೊತ್ತಿಗೆ ಕಂಪನಿ ಅದನ್ನು ತಯಾರಿಸುವುದನ್ನೇ ನಿಲ್ಲಿಸಿತು.

ಮುಂಬಯಿಯ ಈ ಬೇಸ್ ವಾದಕ ತನ್ನ ಕೆಲಸ ಕಸಿಯಲು ಹುಟ್ಟಿದ ಯಂತ್ರವನ್ನು ಕೊಂಡು, ಅದಕ್ಕೊಂದು ತಾಳದ ಯಂತ್ರವನ್ನೂ ಕೀಬೋರ್ಡನ್ನೂ ಜೋಡಿಸಿ, ಒಬ್ಬರೇ ಕೂತು ಭೈರವ, ಲಲಿತ, ಮಾಲಕಂಸ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿದರು. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಹೆಸರಲ್ಲಿ 1982ರಲ್ಲಿ ಮುದ್ರಣವಾದ ಆ ಎಲ್‌ಪಿಯನ್ನು ಯಾರೂ ಕೇಳಲಿಲ್ಲ. ಐದು ವರ್ಷ ಕಳೆದು, 1987ರಲ್ಲಿ, ಶಿಕಾಗೋದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಅದೇ ಯಂತ್ರದ ತಿರುಪುಗಳನ್ನು ತಿರುಚಿ ಆಸಿಡ್ ಹೌಸ್ ಎಂಬ ಹೊಸ ಸಂಗೀತ ಹುಟ್ಟುಹಾಕಿದರು, ಯುರೋಪಿನ ಯುವಜನ ಅದಕ್ಕೆ ಮರುಳಾದರು. 2010ರಲ್ಲಿ ಡಚ್ ಸಂಗ್ರಾಹಕನೊಬ್ಬ ಚರಣ್‌ಜಿತ್ ಸಿಂಗರ ಎಲ್‌ಪಿಯನ್ನು ಮರುಮುದ್ರಿಸಿದಾಗ ಕೇಳಿದವರು ಇದು ಹೊಸಬರು ಮಾಡಿದ ಮೋಸವಿರಬೇಕು ಎಂದು ಅನುಮಾನಪಟ್ಟರು. ಎಪ್ಪತ್ತು ದಾಟಿದ ಸಿಂಗ್ ಯುರೋಪಿಗೆ ಹೋಗಿ ಕ್ಲಬ್ಬುಗಳಲ್ಲಿ ಅದನ್ನು ನುಡಿಸಿದರು. 2015ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಅವರನ್ನು ಆಸಿಡ್ ಹೌಸಿನ ಜನಕ ಎನ್ನುವುದು ಅತಿಯಾಯಿತು, ಏಕೆಂದರೆ ಶಿಕಾಗೋದವರು ಅವರ ಹೆಸರನ್ನೂ ಕೇಳಿರಲಿಲ್ಲ. ಆದರೆ ಯಂತ್ರ ಬಂದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಒಬ್ಬ ದುಡಿಯುವ ವಾದಕ ಕೊಟ್ಟ ಉತ್ತರವೆಂದು ಆ ಎಲ್‌ಪಿಯನ್ನು ಕೇಳಬಹುದು. ಅವರ ಸಹೋದ್ಯೋಗಿಗಳಿಗೆ ಆ ಅದೃಷ್ಟವಿರಲಿಲ್ಲ. ತೊಂಬತ್ತರ ದಶಕ ಮುಗಿಯುವುದರೊಳಗೆ ಕೀಬೋರ್ಡು ಮತ್ತು ಕಂಪ್ಯೂಟರು ಸ್ಟುಡಿಯೋದ ವಾದ್ಯವೃಂದವನ್ನೇ ಖಾಲಿ ಮಾಡಿದವು.

ಅದೇ 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದತ್ತಾ ಸಾಮಂತರ ಮುಂದಾಳತ್ವದ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಬಹುಪಾಲು ಜನ ಮರಳಿ ಒಳಗೆ ಹೋಗಲೇ ಇಲ್ಲ. ಬೇಸ್ ಗಿಟಾರಿಗೂ ಇದಕ್ಕೂ ಏನು ಸಂಬಂಧ ಎಂಬುದು ಗೊತ್ತಾಗಲು ಇಪ್ಪತ್ತೈದು ವರ್ಷ ಹಿಡಿಯಿತು.

ನಡುವಿನ ಕಾಲದ ಅಚ್ಚುಮೆಚ್ಚಿನ ಜಾಗ ಧೋಬಿ ತಲಾವಿನ ರಂಗಭವನ, ಸೇಂಟ್ ಝೇವಿಯರ್ಸ್ ಕಾಲೇಜಿನ ಮಗ್ಗುಲಿನ ಬಯಲು ರಂಗಮಂದಿರ. 1978ರಲ್ಲಿ ಶುರುವಾದ ಜಾಜ್ ಯಾತ್ರಾ ಉತ್ಸವ ಇಲ್ಲಿ ನಡೆಯಿತು. 1986ರಿಂದ ಪ್ರತಿ ಆಗಸ್ಟಿನಲ್ಲಿ ಇಂಡಿಪೆಂಡೆನ್ಸ್ ರಾಕ್ ಇಲ್ಲಿ ಸೇರುತ್ತಿತ್ತು. 1984ರಲ್ಲಿ ಬೇರೆಯವರ ಹಾಡು ನುಡಿಸುತ್ತ ಹುಟ್ಟಿದ ರಾಕ್ ಮಷೀನ್ ಎಂಬ ತಂಡ 1988ರಲ್ಲಿ ಸ್ವಂತ ಹಾಡುಗಳ ಆಲ್ಬಂ ತಂದಿತು, ಆಮೇಲೆ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡಿತು. ಗಾಯಕ ಉದಯ್ ಬೆನೆಗಲ್. ಬೆನೆಗಲ್ ಎಂದರೆ ಉಡುಪಿ ಸೀಮೆಯ ಊರು ಎಂಬುದು ಕರಾವಳಿಯ ಓದುಗರಿಗೆ ಹೊಳೆದೇ ಹೊಳೆಯುತ್ತದೆ. ಬೇಸ್ ನುಡಿಸುತ್ತಿದ್ದವರು ಮಾರ್ಕ್ ಸೆಲ್ವಿನ್. ಇದು ದೇಶದಲ್ಲೇ ಹೆಸರಾಗಿದ್ದ ತಂಡ. ಇದರ ಕೆಳಗೆ ಹೆಸರಿಲ್ಲದ ಹತ್ತಾರು ತಂಡಗಳು ಜುಹೂವಿನ ರಾಝ್‌ಬೆರಿ ರೈನಾಸರಸ್‌ನಲ್ಲೋ ಮರೀನ್ ಡ್ರೈವ್‌ನ ಸೂನಾ ಮಹಲ್ ಕಟ್ಟಡದಲ್ಲೋ ನುಡಿಸುತ್ತಿದ್ದವು. ಸೂನಾ ಮಹಲಿನ ನೆಲಮಹಡಿಯ ಆ ಒಂದೇ ಜಾಗ ಟಾಕ್ ಆಫ್ ದ ಟೌನ್ ಆಗಿತ್ತು, ಆಮೇಲೆ ಜಾಜ್ ಬೈ ದ ಬೇ ಆಯಿತು, ಆಮೇಲೆ ‘ಬರೀ ಜಾಜ್ ಅಲ್ಲ’ ಎಂಬರ್ಥದ ನಾಟ್ ಜಸ್ಟ್ ಜಾಜ್ ಬೈ ದ ಬೇ, ಕೊನೆಗೆ ಪಿಜ್ಜಾ ಬೈ ದ ಬೇ. ಇದಕ್ಕಿಂತ ಸಂಕ್ಷಿಪ್ತವಾಗಿ ಈ ಚರಿತ್ರೆ ಬರೆಯಲು ಸಾಧ್ಯವಿಲ್ಲ.

ರಂಗಭವನವನ್ನು ಮುಚ್ಚಿಸಿದ್ದು ಶಬ್ದದ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಂಗಭವನದ ಒಂದು ಕಡೆ ಕಾಲೇಜು, ಸುತ್ತಮುತ್ತ ಆಸ್ಪತ್ರೆಗಳು. ಉತ್ಸವಗಳು ಉಪನಗರಗಳ ಮೈದಾನಕ್ಕೆ ಹೋದವು. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬುದನ್ನು 2005ರಲ್ಲಿ ಸುಪ್ರೀಂ ಕೋರ್ಟು ಇನ್ನಷ್ಟು ಗಟ್ಟಿ ಮಾಡಿತು. ಗಣೇಶೋತ್ಸವದ ಹತ್ತು ದಿನ ಮುಂಬಯಿಯಲ್ಲಿ ಇದ್ದವರು ಆ ನಿಯಮದ ಅಗತ್ಯವನ್ನು ಪ್ರಶ್ನಿಸಲಾರರು. ಆದರೆ ಅಳೆಯುವ ವಿಧಾನದಲ್ಲಿ ಒಂದು ತಮಾಷೆಯಿದೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ನಿಯಮ ಹೇಳುವುದು ‘ಎ’ ಮಾಪಕದಲ್ಲಿ. ಮನುಷ್ಯನ ಕಿವಿಗೆ ಮಂದ್ರ ಅಷ್ಟಾಗಿ ಕೇಳಿಸುವುದಿಲ್ಲ ಎಂಬ ಲೆಕ್ಕದಿಂದ ಆ ಮಾಪಕ ಕೆಳಸ್ವರಗಳನ್ನು ತಗ್ಗಿಸಿ ಎಣಿಸುತ್ತದೆ. ಬೇಸಿನ ಅತಿ ಕೆಳಗಿನ ತಂತಿಯ ಮೂಲಸ್ವರಕ್ಕೆ 30 ಡೆಸಿಬೆಲ್‌ಗೂ ಹೆಚ್ಚು ಕಡಿತ. ಹಾಗಾಗಿ ಕಾಗದದ ಮೇಲೆ ಬೇಸ್ ಬಹುತೇಕ ಇಲ್ಲವೇ ಇಲ್ಲ, ಪಕ್ಕದ ಮನೆಯಲ್ಲಿ ಮಾತ್ರ ಅದೊಂದೇ ಇದೆ. ದೂರು ಕೊಡುವ ಹಿರಿಯರಿಗೂ ಮೀಟರು ತೋರಿಸುವ ಬಾರಿನ ಮ್ಯಾನೇಜರಿಗೂ ಮಾತು ಕೂಡದಿರುವುದು ಇದರಿಂದಲೇ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಇಲ್ಲಿಗೆ ಗಿರಣಿಗಳು ಮತ್ತೆ ಬರುತ್ತವೆ. ಮೇಲೆ ಯಾರೂ ಮಲಗದ, ದಪ್ಪ ಗೋಡೆಯ, ಎತ್ತರದ ಸೂರಿನ ಖಾಲಿ ಕಟ್ಟಡಗಳು ನಗರದ ಹೊಟ್ಟೆಯಲ್ಲೇ ಇದ್ದವು. 2006ರಲ್ಲಿ ವರ್ಲಿಯ ಬಾಂಬೆ ಡೈಯಿಂಗ್ ಆವರಣದಲ್ಲಿ ಹಾರ್ಡ್ ರಾಕ್ ಕೆಫೆ, 2007ರ ಕೊನೆಗೆ ಲೋವರ್ ಪರೇಲಿನ ಮಥುರಾದಾಸ್ ಮಿಲ್ಲಿನಲ್ಲಿ ಬ್ಲೂ ಫ್ರಾಗ್ ತೆರೆದವು. ಬ್ಲೂ ಫ್ರಾಗ್ ಶುರುಮಾಡಿದವರಲ್ಲಿ ಸಂಗೀತಗಾರರೂ ಇದ್ದರು. ಒಳ್ಳೆಯ ಧ್ವನಿವ್ಯವಸ್ಥೆ ಇತ್ತು, ಸ್ವಂತ ರಚನೆಗಳಿಗೆ ಆದ್ಯತೆ ಇತ್ತು. ಒಂದು ಪೀಳಿಗೆಯ ವಾದಕರು ಅದನ್ನು ಇಂದಿಗೂ ನೆನೆಯುತ್ತಾರೆ. ನೂಲಿನ ಯಂತ್ರಗಳ ಗದ್ದಲದಲ್ಲಿ ಕಿವಿ ಕಳೆದುಕೊಂಡವರ ಜಾಗದಲ್ಲಿ ಅವರ ಮಕ್ಕಳ ವಯಸ್ಸಿನವರು ದುಡ್ಡು ಕೊಟ್ಟು ಗದ್ದಲ ಕೇಳಿದರು. ಆ ಗಿರಣಿಗಾರನ ಮಗ ಅಲ್ಲಿ ಬಾಗಿಲು ಕಾಯುತ್ತಿದ್ದಿರಬಹುದು. ಆದರೆ ಗಿರಣಿ ನೆಲದ ಬೆಲೆ ಏರುತ್ತ ಹೋಯಿತು. 2016ರಲ್ಲಿ ಬ್ಲೂ ಫ್ರಾಗ್ ಮುಚ್ಚಿತು. 2017ರ ಡಿಸೆಂಬರ್ 29ರ ನಸುಕಿಗೂ ಮುಂಚೆ ಕಮಲಾ ಮಿಲ್ಸ್ ಆವರಣದ ಚಾವಣಿ ಬಾರುಗಳಲ್ಲಿ ಬೆಂಕಿ ಹೊತ್ತಿ 14 ಜನ ಸತ್ತರು. ಮಹಾನಗರಪಾಲಿಕೆ ನೂರಾರು ಹೋಟೆಲು, ಬಾರುಗಳ ಅಕ್ರಮ ಭಾಗಗಳನ್ನು ಕೆಡವಿತು. ಕಾಗದಪತ್ರಗಳ ತಪಾಸಣೆ ಬಿಗಿಯಾದಾಗ ಬಾರಿನ ಮಾಲೀಕ ಮೊದಲು ಕೈಬಿಡುವ ಗೊಡವೆ ಬ್ಯಾಂಡಿನದ್ದು.

ಇದುವರೆಗಿನ ಮಾತೆಲ್ಲ ಇಂಗ್ಲಿಷ್ ಹಾಡಿನ ಲೋಕದ್ದು. ಸಂಖ್ಯೆಯಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಇನ್ನೊಂದು ಲೋಕ ಉಪನಗರಗಳಲ್ಲಿತ್ತು, ಅದರ ಗಲ್ಲೆಯ ಮೇಲೆ ಕೂತವರು ನಮ್ಮವರು. ಆಗ ಒಂದೇ ಜಿಲ್ಲೆಯಾಗಿದ್ದ ದಕ್ಷಿಣ ಕನ್ನಡದಿಂದ ಬಂದು, ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಹೋಟೆಲು ಕಟ್ಟಿದ ಬಂಟರು, ಬಿಲ್ಲವರ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ಅದರ ಮುಂದಿನ ಅಧ್ಯಾಯವನ್ನು ಮಾತ್ರ ಸನ್ಮಾನ ಸಮಾರಂಭಗಳಲ್ಲಿ ಓದುವುದಿಲ್ಲ. ಎಪ್ಪತ್ತರ ದಶಕದಲ್ಲಿ ಮದ್ಯನಿಷೇಧ ಸಡಿಲವಾದ ಮೇಲೆ ಎಷ್ಟೋ ಉಡುಪಿ ಹೋಟೆಲುಗಳು ಬಿಯರಿನ ಪರವಾನಗಿ ಪಡೆದವು. ಇಡ್ಲಿ ವಡೆಯಲ್ಲಿ ಸಿಗದ ಲಾಭ ಅದರಲ್ಲಿತ್ತು. ಫಲಕದ ಮೇಲೆ ‘ಪರ್ಮಿಟ್ ರೂಮ್’ ಎಂಬ ಪದ ಬಂತು. 1949ರ ಕಾಯ್ದೆಯ ಪಳೆಯುಳಿಕೆ ಅದು. ಇಂದಿಗೂ ಮಹಾರಾಷ್ಟ್ರದಲ್ಲಿ ಕುಡಿಯಲು ಕಾನೂನಿನ ಪ್ರಕಾರ ಪರ್ಮಿಟ್ಟು ಬೇಕು. ಪರ್ಮಿಟ್ ರೂಮುಗಳ ನಡುವೆ ಪೈಪೋಟಿ ಹೆಚ್ಚಿದಾಗ ಒಂದು ಮೂಲೆಯಲ್ಲಿ ‘ಆರ್ಕೆಸ್ಟ್ರಾ’ ಬಂತು. ಈ ಪದದ ಅರ್ಥ ನಮ್ಮಲ್ಲಿ ಬದಲಾದ ಬಗೆ ಸ್ವಾರಸ್ಯಕರ. ಇಂಗ್ಲಿಷಿನಲ್ಲಿ ಅದು ನೂರು ಜನರ ವಾದ್ಯವೃಂದ. ಮುಂಬಯಿಯಲ್ಲೂ ಮಂಗಳೂರಿನಲ್ಲೂ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ಆರೇಳು ಜನರ ಗುಂಪು. ಕನ್ನಡದ ಕರಪತ್ರಗಳು ಇದಕ್ಕೆ ‘ರಸಮಂಜರಿ’ ಎಂಬ ಚಂದದ ಹೆಸರಿಟ್ಟಿದ್ದವು.

ಬಾರಿನ ರಸಮಂಜರಿಯಲ್ಲಿ ಮೊದಲು ಗಾಯಕಿ ಗಾಯಕರು, ತಬಲಾ ಅಥವಾ ಡ್ರಮ್ಸು, ಗಿಟಾರು, ಬೇಸು, ಕೀಬೋರ್ಡು ಎಲ್ಲ ಇರುತ್ತಿದ್ದವು. ನೃತ್ಯ ಸೇರಿಕೊಂಡ ಮೇಲೆ ಅನೇಕ ಕಡೆ ವಾದಕರ ಬದಲು ಕ್ಯಾಸೆಟ್ಟು ಬಂತು. 2005ರಲ್ಲಿ ಗೃಹಸಚಿವ ಆರ್.ಆರ್. ಪಾಟೀಲರು ಡ್ಯಾನ್ಸ್ ಬಾರುಗಳನ್ನು ನಿಷೇಧಿಸಿದರು. ಬೀದಿಗೆ ಬಿದ್ದ ಹೆಣ್ಣುಮಕ್ಕಳ ಕಥೆ ಇದಕ್ಕಿಂತ ಬಹಳ ದೊಡ್ಡದು, ಅದನ್ನು ಬೇರೆಯವರು ಬರೆದಿದ್ದಾರೆ. ಇಲ್ಲಿಗೆ ಬೇಕಾದ ಸಂಗತಿ ಇಷ್ಟು: ನಿಷೇಧದ ನಂತರ ಹಲವು ಬಾರುಗಳು ಹಾಡು, ವಾದನದ ಪರವಾನಗಿ ಹಿಡಿದು ಮತ್ತೆ ಆರ್ಕೆಸ್ಟ್ರಾ ಬಾರುಗಳಾದವು. ನಿಷೇಧ 2006ರಲ್ಲಿ ಹೈಕೋರ್ಟಿನಲ್ಲಿ, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದರೂ ಸರ್ಕಾರ ಹೊಸ ಹೊಸ ಕಾನೂನು ತರುತ್ತ ಹೋಯಿತು. ಆರ್ಕೆಸ್ಟ್ರಾ ಪರವಾನಗಿಗೂ ಷರತ್ತುಗಳಿದ್ದವು. ಅದರಲ್ಲೊಂದು, ವೇದಿಕೆಯ ಮೇಲೆ ಒಟ್ಟು 8 ಕಲಾವಿದರು, 4 ಹೆಣ್ಣು, 4 ಗಂಡು.

ಈ ಎಂಟರ ಲೆಕ್ಕವನ್ನು ಬೇಸ್ ವಾದಕನ ಕಣ್ಣಿನಿಂದ ನೋಡಬೇಕು. ಗಿರಾಕಿ ಬರುವುದು ಹಾಡುವ ಹೆಣ್ಣುಮಕ್ಕಳಿಗಾಗಿ, ಹಾಗಾಗಿ ನಾಲ್ಕು ಜಾಗ ಅಲ್ಲಿಗೆ. ಉಳಿದ ನಾಲ್ಕರಲ್ಲಿ ಕಿಶೋರ್, ರಫಿ ಹಾಡಲು ಒಬ್ಬ ಗಂಡು ಗಾಯಕ, ಒಬ್ಬ ಕೀಬೋರ್ಡು, ಒಬ್ಬ ಆಕ್ಟೋಪ್ಯಾಡಿನವನು, ಒಬ್ಬ ಢೋಲಕ್ಕು. ಬೇಸಿಗೆ ಕೀಬೋರ್ಡಿನವನ ಎಡಗೈ ಸಾಕು. ಕಾನೂನು ಎಲ್ಲಿಯೂ ಬೇಸ್ ಗಿಟಾರನ್ನು ಹೆಸರಿಸಿಲ್ಲ. ಮಾಲೀಕನೂ ಸಂಗೀತದ್ವೇಷಿಯಲ್ಲ, ಊರಿನ ಯಕ್ಷಗಾನಕ್ಕೆ ಸಾವಿರಾರು ರೂಪಾಯಿ ಕೊಡುವವನು. ಆದರೂ ಜಾಗ ಕಡಿಮೆಯಾದಾಗ ಮೊದಲು ಹೋಗುವುದು ಕಡಿಮೆ ಕೇಳಿಸುವ ವಾದ್ಯ. ‘ಹೋಟೆಲ್ ಪ್ರಿಯಾ’ ಹೆಸರಿನ ಪ್ರಕರಣದಲ್ಲಿ 2022ರ ಫೆಬ್ರುವರಿ 18ರಂದು ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ ಹೆಣ್ಣು ಗಂಡಿನ ಅನುಪಾತದ ಷರತ್ತನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಿತು. ಎಂಟೂ ಜನ ಹೆಂಗಸರಿರಬಹುದು, ಎಂಟೂ ಗಂಡಸರಿರಬಹುದು. ಎಂಟು ಎಂಬ ಒಟ್ಟು ಮಿತಿ ಹಾಗೆಯೇ ಉಳಿಯಿತು.

ಕರ್ನಾಟಕದವರು ಇದನ್ನು ಮುಂಬಯಿಯ ಪಾಡು ಎಂದುಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಲೈವ್ ಬ್ಯಾಂಡುಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅಲ್ಲಿನ ಪಬ್ಬುಗಳಲ್ಲೂ ವಾದ್ಯಗಳು ಮೌನವಾದವು. ಕ್ಯಾಬರೆಯನ್ನೂ ಜಾಜ್ ತ್ರಯವನ್ನೂ ಒಂದೇ ಕಂತೆಯಲ್ಲಿ ಕಟ್ಟಿದ ಕಾನೂನದು.

ಈಗ ಮುಂಬಯಿಯಲ್ಲಿ ಬೇಸ್ ನುಡಿಸಿ ಪೂರ್ತಿ ಬದುಕುವವರು ಕೆಲವರಿದ್ದಾರೆ. 1996ರಲ್ಲಿ ಬೇಸ್ ವಾದಕರೊಬ್ಬರ ಮಗಳಾಗಿ ಇಲ್ಲೇ ಹುಟ್ಟಿದ ಮೋಹಿನಿ ಡೇ ಇಂದು ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ನುಡಿಸುತ್ತಾರೆ. ಉಳಿದವರದ್ದು ಅರೆಕಾಲದ ವೃತ್ತಿ. ಹಗಲು ಗೋರೆಗಾಂವಿನ ಕಚೇರಿ, ವಾರಾಂತ್ಯ ಖಾರ್, ಅಂಧೇರಿ, ಠಾಣೆ, ವಾಶಿಯ ಬಾರುಗಳು. ಗಿಟಾರಿಗರು ಗಲ್ಲಿಗೊಬ್ಬರು, ಬೇಸ್‌ನವರು ಕಡಿಮೆ. ಹಾಗಾಗಿ ಒಬ್ಬನೇ ಮೂರು ನಾಲ್ಕು ತಂಡದಲ್ಲಿರುತ್ತಾನೆ. ಒಂದು ತಂಡದಲ್ಲಿ ಇಂಗ್ಲಿಷ್ ರಾಕ್, ಇನ್ನೊಂದರಲ್ಲಿ ‘ಬಾಲಿವುಡ್ ನೈಟ್’, ಮತ್ತೊಂದರಲ್ಲಿ ಯಾರೂ ಕೇಳದ ಸ್ವಂತ ಹಾಡು. ಮೊದಲೆರಡರ ದುಡ್ಡು ಮೂರನೆಯದರ ರೆಕಾರ್ಡಿಂಗಿಗೆ. ದುಡ್ಡು ಅದೇ ರಾತ್ರಿ ಸಿಗುವುದೂ ಉಂಟು, ಬಿಲ್ಲು ಕಳಿಸಿ ವಾರಗಟ್ಟಲೆ ಕಾಯುವುದೂ ಉಂಟು. ಯಾರಿಗೋ ಹುಷಾರಿಲ್ಲವೆಂದು ಮಧ್ಯಾಹ್ನ ಮೂರಕ್ಕೆ ಫೋನು ಬಂದರೆ ಲೋಕಲ್ ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮೂವತ್ತು ಹಾಡಿನ ಸ್ವರಮೇಳ ಬರೆದುಕೊಳ್ಳುತ್ತಾನೆ. ಡ್ರಮ್ಸು ಬೇಡ, ಬೇಸು ಬೇಡ, ಒಂದು ಅಕೌಸ್ಟಿಕ್ ಗಿಟಾರು ಮತ್ತು ಒಬ್ಬ ಗಾಯಕಿ ಸಾಕು ಎನ್ನುವ ಜಾಗಗಳು ಹೆಚ್ಚುತ್ತಿವೆ. ಬೇಸನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ಬರುವ ತಂಡಗಳೂ ಇವೆ.

ಸೌಂಡ್‌ಚೆಕ್ ಸಂಜೆ ಆರಕ್ಕೋ ಏಳಕ್ಕೋ. ಡ್ರಮ್ಸು, ಬೇಸು, ಗಿಟಾರು, ಕೊನೆಗೆ ಗಾಯಕರು ಎಂಬ ಕ್ರಮ. ಬೇಸ್‌ನವ ಅತಿ ಕೆಳಗಿನ ತಂತಿ ಮೀಟಿ ಹಾಗೇ ಹಿಡಿದಿಡುತ್ತಾನೆ. ಸೌಂಡ್ ಎಂಜಿನಿಯರ್ ಹೊರಗೆ ಹೋಗಿ ಬೀದಿಯಲ್ಲಿ ನಿಂತು ಕೇಳುತ್ತಾನೆ, ಒಳಗೆ ಬಂದು ಕೆಳಸ್ವರದ ಗುಂಡಿಯನ್ನು ಇಷ್ಟು ತಿರುಗಿಸುತ್ತಾನೆ. ಹತ್ತು ಗಂಟೆಗೆ ಮ್ಯಾನೇಜರು ಬಂದು ಕೈಯಿಂದಲೇ ಇನ್ನಷ್ಟು ತಗ್ಗಿಸಿ ಎಂದು ಸನ್ನೆ ಮಾಡುತ್ತಾನೆ. ಅದು ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಒಂದು ಗಂಟೆಯ ಹೊತ್ತಿನ ಕೊನೆಯ ಲೋಕಲ್ ಹಿಡಿಯಬೇಕಾದವರು ಅದಕ್ಕೂ ಮೊದಲು ಕೇಬಲ್ ಸುತ್ತುತ್ತಾರೆ. ಸುಮಾರು 45 ಇಂಚು ಉದ್ದದ ವಾದ್ಯ ಚೀಲದಲ್ಲಿ ತಲೆಗಿಂತ ಮೇಲಕ್ಕೆ ಚಾಚಿಕೊಂಡಿರುತ್ತದೆ. ಅದನ್ನು ಹೊತ್ತವನು ಬುಟ್ಟಿಗಳ ನಡುವೆ ಜಾಗ ಹುಡುಕಿಕೊಂಡು ಲಗೇಜ್ ಡಬ್ಬಿಯ ಬಾಗಿಲಲ್ಲಿ ನಿಲ್ಲುತ್ತಾನೆ.